ಜೆ.ಸಿ. ರಸ್ತೆಯ ಗಾಳಿ ವ್ಯಾಪಾರ

ಟೌನ್‌ಹಾಲ್ ಕಡೆಯಿಂದ ಜೆ.ಸಿ. ರಸ್ತೆಗೆ ಇಳಿದರೆ ರವೀಂದ್ರ ಕಲಾಕ್ಷೇತ್ರದ ಕಾಂಪೌಂಡ್ ಮುಗಿಯುವವರೆಗೂ ಇದು ನಾಟಕದವರ, ಭಾಷಣದವರ ಬೆಂಗಳೂರು. ಅಲ್ಲಿಂದ ಮಿನರ್ವ ಸರ್ಕಲ್‌ವರೆಗೆ ಕಾರಿನವರ ರಾಜ್ಯ. ಸೀಟ್ ಕವರ್ ಅಂಗಡಿ, ಅದರ ಪಕ್ಕ ಸ್ಟೀರಿಯೊ ಅಂಗಡಿ, ಅದರಾಚೆ ಹಾರ್ನ್ ಊದಿ ತೋರಿಸುವ ಹುಡುಗ. ಕಾರು ಕೊಂಚ ನಿಧಾನ ಮಾಡಿದರೆ ಸಾಕು, ಇಬ್ಬರು ಓಡಿಬಂದು ಕಿಟಕಿಗೆ ಬಗ್ಗುತ್ತಾರೆ.

ನಾನು ಹುಡುಕಿಕೊಂಡು ಹೋಗಿದ್ದು ಕೋನ್ ಫಿಲ್ಟರನ್ನು. ಅಂಗಡಿಯ ಮುಂದೆ ಮೊಳೆಗೆ ನೇತುಹಾಕಿರುತ್ತಾರೆ: ಕೆಂಪು ಬಟ್ಟೆಯ ಕೋನು, ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೈಪು, ಎರಡು ಕ್ಲಾಂಪು. ಕಂಪನಿಯವರು ಕೊಟ್ಟ ಏರ್ ಫಿಲ್ಟರಿನ ಕಪ್ಪು ಪ್ಲಾಸ್ಟಿಕ್ ಡಬ್ಬ ಕಿತ್ತು ಇದನ್ನು ಕೂರಿಸಿದರೆ ಎಂಜಿನ್ ‘ಉಸಿರಾಡುತ್ತದೆ’ ಎನ್ನುವುದು ಇಲ್ಲಿನ ಮಾತು. ‘ಹಾಕ್ಸಿ ಸಾರ್, ಹದಿನೈದು ಬಿಎಚ್‌ಪಿ ಗ್ಯಾರಂಟಿ’ ಅಂದ ಅಂಗಡಿಯವನು. ಯಾವ ಕಾರಿಗೆ ಅಂತ ಇನ್ನೂ ಕೇಳಿರಲಿಲ್ಲ.

ಪಕ್ಕದ ಗಲ್ಲಿಯಲ್ಲಿ ಪರಿಚಯದ ಗ್ಯಾರೇಜ್. ಒಳಗೆ ಬಾನೆಟ್ ಎತ್ತಿ ನಿಂತಿತ್ತು ಫೋರ್ಡ್ ಮಸ್ಟಾಂಗ್ ಜಿಟಿ. ಭಾರತದಲ್ಲಿ ಅಧಿಕೃತವಾಗಿ 2016ರಲ್ಲಿ ಮಾರಾಟಕ್ಕೆ ಬಂದ ಕಾರು. ಐದು ಲೀಟರಿನ ವಿ8, 400ರ ಆಸುಪಾಸು ಬಿಎಚ್‌ಪಿ. ಟರ್ಬೊ ಇಲ್ಲ, ಎಳೆದುಕೊಂಡಷ್ಟೇ ಗಾಳಿ. ಎರಡು ಸುತ್ತಿಗೊಮ್ಮೆ ಐದು ಲೀಟರ್ ಅಂದರೆ, 6,500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 16,000 ಲೀಟರ್ ಗಾಳಿ. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕುಗಳ ಲೆಕ್ಕದಲ್ಲಿ ಹದಿನಾರು ಟ್ಯಾಂಕು, ಒಂದೇ ನಿಮಿಷದಲ್ಲಿ ಖಾಲಿ. ಇಷ್ಟು ಗಾಳಿ ಹೋಗುವ ದಾರಿಯನ್ನು ಮೂತಿಯಿಂದ ಹಿಡಿದು ಒಮ್ಮೆ ನೋಡಬೇಕು.

ಮೊದಲು ಗ್ರಿಲ್ಲಿನ ಹಿಂದಿನ ಬಾಯಿ. ಅದು ಎಂಜಿನ್ ಕಡೆಗಲ್ಲ, ರಸ್ತೆಯ ಕಡೆಗೆ ತೆರೆದಿದೆ. ಅಂದರೆ ಕಂಪನಿಯೇ ಹೊರಗಿನ ತಣ್ಣನೆ ಗಾಳಿಗೆ ಏರ್ಪಾಟು ಮಾಡಿದೆ. ಆಮೇಲೆ ಡಬ್ಬ. ಮೆಕ್ಯಾನಿಕ್ ಭಾಯ್ ಮುಚ್ಚಳ ಬಿಚ್ಚಿದರು. ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಮಡಿಕೆಯ ಸಂದಿಯಲ್ಲಿ ಒಣಗಿದ ಹೊಂಗೆ ಹೂವು, ಸತ್ತ ಎರಡು ಜೇನು, ಉಳಿದದ್ದೆಲ್ಲ ಕಂದು ಪುಡಿ. ಕೆಳಮುಖ ಮಾಡಿ ನೆಲಕ್ಕೆ ತಟ್ಟಿದರೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಇದರಲ್ಲಿನ ಮರಳಿನ ಕಣ ಒಳಗೆ ಹೋದರೆ ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಫಿಲ್ಟರಿನ ಮೊದಲ ಕೆಲಸ ಇದನ್ನು ತಡೆಯುವುದು, ಗಾಳಿ ಬಿಡುವುದು ಎರಡನೆಯದು. ಪ್ಯಾಕೆಟ್ಟಿನ ಮೇಲೆ ಎರಡನೆಯದನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದಿರುತ್ತಾರೆ.

ಡಬ್ಬದಿಂದಾಚೆ ಏರ್ ಫ್ಲೋ ಸೆನ್ಸರ್. ಒಳಗೆ ಕೂದಲಿನಂಥ ಬಿಸಿ ತಂತಿ. ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎನ್ನುವುದರ ಮೇಲೆ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಲೆಕ್ಕ ಹಾಕುತ್ತದೆ. ಆ ಲೆಕ್ಕ ಪೈಪಿನ ಅಗಲಕ್ಕೆ ಕಟ್ಟಿಬಿದ್ದದ್ದು. ಪೈಪು ದೊಡ್ಡದು ಮಾಡಿ ಆ ಲೆಕ್ಕವನ್ನು ತಿದ್ದಿಸದಿದ್ದರೆ, ಅಂದರೆ ರೀಮ್ಯಾಪ್ ಮಾಡಿಸದಿದ್ದರೆ, ಸೆನ್ಸರ್ ಕಡಿಮೆ ಗಾಳಿ ತೋರಿಸುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ, ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಎಣ್ಣೆ ಹಚ್ಚಿದ ಬಟ್ಟೆ ಫಿಲ್ಟರನ್ನು ತೊಳೆದು ಕೈ ಬಂದಷ್ಟು ಎಣ್ಣೆ ಸುರಿಯುವವರ ಕಾರಿನಲ್ಲಿ ತಂತಿಗೇ ಜಿಡ್ಡು.

ಇನ್ನೊಂದು ತಮಾಷೆ. ಪೈಪಿಗೆ ಅಂಟಿಕೊಂಡ ಖಾಲಿ ಪ್ಲಾಸ್ಟಿಕ್ ಗೂಡುಗಳಿರುತ್ತವಲ್ಲ, ಅವು ಸದ್ದು ಅಡಗಿಸಲು ಇರುವಂಥವು. ಅದೇ ಕಂಪನಿ ಮಸ್ಟಾಂಗಿನಲ್ಲಿ ಬೇರೊಂದು ಕೊಳವೆ ಹಾಕಿ ಇನ್‌ಟೇಕಿನ, ಅಂದರೆ ಎಂಜಿನ್ ಗಾಳಿ ಎಳೆಯುವ, ಸದ್ದನ್ನು ಡ್ರೈವರ್ ಕಿವಿಗೆ ಮುಟ್ಟಿಸುತ್ತದೆ. ಟೊಯೊಟಾ ಜಿಟಿ86ರಲ್ಲೂ ಇಂಥ ಏರ್ಪಾಟಿದೆ. ಗಿರಾಕಿಗೆ ಬೇಕಾದದ್ದು ಏನೆಂದು ಕಾರು ಮಾಡುವವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಬಿಎಚ್‌ಪಿ? ಕಾಲು ಪೂರ್ತಿ ಒತ್ತಿ ಆರ್‌ಪಿಎಂ ಮೇಲೇರಿದಾಗ ಮಾತ್ರ ಈ ಡಬ್ಬ ಒಂದಿಷ್ಟು ಅಡ್ಡಿ. ಕಾರ್ಪೊರೇಷನ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲ್ಲಿನ ಬಾಗಿಲು. ಅದು ಮುಕ್ಕಾಲು ಮುಚ್ಚಿರುವಾಗ ಹಿಂದೆ ಯಾವ ಫಿಲ್ಟರಿದ್ದರೇನು? ಇದಕ್ಕಿಂತ ದೊಡ್ಡ ವಿಷಯ ಶಾಖ. ಓಪನ್ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿಯನ್ನೇ ಕುಡಿಯುತ್ತದೆ. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಹದಿನೈದು ಡಿಗ್ರಿ ಏರಿದರೆ ಶೇ 5. ಕೋನು ಗಳಿಸಿಕೊಟ್ಟದ್ದನ್ನು ಸಿಗ್ನಲ್ ತಿಂದುಹಾಕುತ್ತದೆ. ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಊರಿನ ಗಾಳಿಯೇ ಶೇ 10ರ ಆಸುಪಾಸು ತೆಳು. ಅದನ್ನು ತುಂಬಿಕೊಡುವ ಫಿಲ್ಟರ್ ಯಾವ ಅಂಗಡಿಯಲ್ಲೂ ಇಲ್ಲ.

ಬಿಎಚ್‌ಪಿ ಅಳೆಯುವ ಡೈನೊ ಯಂತ್ರದ ಚೀಟಿ ತೋರಿಸಿ ಮಾರುವವರಿದ್ದಾರೆ. ಆ ಚೀಟಿ ಬಂದದ್ದು ಬಾನೆಟ್ ತೆರೆದು, ಎದುರಿಗೆ ಮಂಚದಗಲದ ಫ್ಯಾನ್ ಇಟ್ಟು ಓಡಿಸಿದಾಗ. ಬಾನೆಟ್ ತೆರೆದುಕೊಂಡು ಯಾರೂ ಮೈಸೂರಿಗೆ ಹೋಗುವುದಿಲ್ಲ.

ಬಿಸಿ ತಪ್ಪಿಸಲು ಪೈಪನ್ನು ಉದ್ದ ಮಾಡಿ ಬಂಪರಿನ ಕೆಳಮೂಲೆಗೆ ಇಳಿಸುವ ಕಿಟ್ಟುಗಳೂ ಉಂಟು. ಮಳೆಗಾಲದಲ್ಲಿ ಈ ಊರಿನ ಅಂಡರ್‌ಪಾಸ್ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಸಿಲಿಂಡರಿಗೆ ನೀರು ಹೋದರೆ ಅದು ಗಾಳಿಯಂತೆ ಅಮುಕಿಸಿಕೊಳ್ಳುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂದು ಬೇರೆ ದುಡ್ಡು ಕಟ್ಟದಿದ್ದರೆ ಸಾಮಾನ್ಯವಾಗಿ ಇನ್ಶೂರೆನ್ಸಿನವರೂ ಕೈ ಎತ್ತಿಬಿಡುತ್ತಾರೆ.

ದುಡ್ಡು ಸಾರ್ಥಕವಾಗುವ ಕಾರುಗಳೂ ಇವೆ. ಟರ್ಬೊ ಎಂಜಿನ್ನಿಗೆ ರೀಮ್ಯಾಪ್ ಮಾಡಿಸಿ ಬೂಸ್ಟ್ ಏರಿಸಿದವರಿಗೆ, ದೊಡ್ಡ ಟರ್ಬೊ ಅಥವಾ ಸೂಪರ್‌ಚಾರ್ಜರ್ ಕೂರಿಸಿದವರಿಗೆ ಹಳೆಯ ಡಬ್ಬ ನಿಜವಾಗಿ ಸಾಲದು. ಅವರಿಗೆ ಇನ್‌ಟೇಕ್ ಬೇಕು, ಅದೂ ಮುಚ್ಚಿದ ಡಬ್ಬದ್ದು, ಆ ಕಿಟ್ಟಿಗೇ ಬರೆದ ಟ್ಯೂನಿಂಗ್ ಸಮೇತ. ಬರೀ ಸದ್ದಿಗಾಗಿ ಹಾಕಿಸುವುದೂ ನನ್ನ ಕಣ್ಣಿಗೆ ತಪ್ಪಲ್ಲ. 4,000 ಆರ್‌ಪಿಎಂ ದಾಟಿದಾಗ ಆ ವಿ8 ಎದೆಯೊಳಗಿಂದ ಎಳೆದುಕೊಳ್ಳುವ ಗಾಳಿಯ ಸದ್ದು ಕೇಳಿದರೆ ಯಾರ ಕೈಯಾದರೂ ಜೇಬಿಗೆ ಹೋಗುತ್ತದೆ. ಸದ್ದಿನ ಬೆಲೆಯನ್ನು ಬಿಎಚ್‌ಪಿ ಹೆಸರಲ್ಲಿ ವಸೂಲು ಮಾಡುವುದಕ್ಕೆ ಮಾತ್ರ ನನ್ನ ತಕರಾರು.

ಮಸ್ಟಾಂಗಿನ ಮಾಲೀಕರು ಬಂದರು. ಕೈಯಲ್ಲಿದ್ದ ಫೋನಿನಲ್ಲಿ ಇಪ್ಪತ್ತು ಬಿಎಚ್‌ಪಿ ಹೆಚ್ಚಿಸುತ್ತದೆಂಬ ಕಿಟ್ಟಿನ ಫೋಟೊ. ಭಾಯ್ ಫೋನ್ ನೋಡಲೇ ಇಲ್ಲ.

‘ಸೌಂಡ್ ಬೇಕಾ ಸಾರ್, ಪಿಕಪ್ ಬೇಕಾ? ಫಸ್ಟ್ ಅದು ಹೇಳಿ.’

‘ಎರಡೂ ಬೇಕು ಭಾಯ್. ಮುಂದಿನ ತಿಂಗಳು ಕೊಯಮತ್ತೂರಿಗೆ ಹೋಗ್ತಿದೀವಿ, ಕರಿ ರೇಸ್ ಟ್ರ್ಯಾಕಿಗೆ.’

‘ಟ್ರ್ಯಾಕಿಗಾ? ಹಂಗಾದ್ರೆ ಬ್ರೇಕ್ ಪ್ಯಾಡ್ ಹಾಕ್ಸಿ, ಬ್ರೇಕ್ ಆಯಿಲ್ ಹೊಸದು ತುಂಬ್ಸಿ. ಹಿಂದಿನ ಟೈರ್ ನೋಡಿದೀರಾ? ಸವೆದು ಹೋಗಿದೆ.’ ಧೂಳು ತಟ್ಟಿದ ಕಾಗದದ ಫಿಲ್ಟರನ್ನು ಎತ್ತಿ ತೋರಿಸಿದರು. ‘ಇದನ್ನ ಬಿಸಾಕಿ ಹೊಸಾ ಪೇಪರ್ ಫಿಲ್ಟರ್ ಹಾಕ್ತೀನಿ. ಕಿಟ್ ಬೇಕೇ ಬೇಕು ಅಂದ್ರೆ ಟ್ರ್ಯಾಕಿಂದ ವಾಪಸ್ ಬಂದ್ಮೇಲೆ ಮಾತಾಡೋಣ.’

ಮಾಲೀಕರು ಬಗ್ಗಿ ಹಿಂದಿನ ಟೈರ್ ಮೇಲೆ ಬೆರಳಾಡಿಸಿ, ಟೈರಿನ ರೇಟು ಕೇಳಿದರು.