ದನಿ ಕಳೆದುಕೊಂಡವರ ಬಳಗ

ಗಂಟಲು ಕ್ಯಾನ್ಸರ್ ಬಲಿತಾಗ ಜೀವ ಉಳಿಸಲು ಕೆಲವೊಮ್ಮೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಉಸಿರಾಟವೆಲ್ಲ ಕತ್ತಿನ ಬುಡದಲ್ಲಿ ಮಾಡಿದ ರಂಧ್ರದಿಂದಲೇ. ಮೂಗಿನಲ್ಲಿ ಗಾಳಿಯಾಡದೆ ಒಗ್ಗರಣೆಯ ಘಮ ತಿಳಿಯುವುದಿಲ್ಲ, ಬಿಸಿ ಕಾಫಿಯನ್ನು ಊದಿ ಆರಿಸಲಾಗುವುದಿಲ್ಲ. ಮಗಳನ್ನು ಕರೆಯಲು ಹೋದರೆ ತುಟಿ ಮಾತ್ರ ಆಡುತ್ತದೆ.

ಇಂಥ ರೋಗಿಯ ಪಕ್ಕದಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬಂದು ಕೂರುವ ಸ್ವಯಂಸೇವಕರಿದ್ದಾರೆ. ಒಂದು ಕಾಲಕ್ಕೆ ಅವರೂ ಅದೇ ಮಂಚದಲ್ಲಿ ಮಲಗಿದ್ದವರು. ಅಮೆರಿಕದಲ್ಲಿ ಇಂಥವರ ಊರೂರಿನ ಕೂಟಗಳು 1952ರಲ್ಲಿ ಒಂದುಗೂಡಿ ಅಂತರರಾಷ್ಟ್ರೀಯ ಸಂಘವನ್ನೇ ಕಟ್ಟಿಕೊಂಡವು. ಈ ಕಾಯಿಲೆ ಹೆಚ್ಚಾಗಿ ಐವತ್ತು ದಾಟಿದವರನ್ನು ಹಿಡಿಯುತ್ತದೆ. ಹಾಗಾಗಿ ಬಳಗಕ್ಕೆ ಬರುವವರಲ್ಲಿ ನಿವೃತ್ತ ಮೇಷ್ಟ್ರು, ಕಂಡಕ್ಟರು, ವಕೀಲರಂಥ ಮಾತನ್ನೇ ನಂಬಿ ಬದುಕಿದವರೂ ಇರಬಹುದು.

ಅವರು ಹೇಳಿಕೊಡುವ ಹಳೆಯ ವಿದ್ಯೆಯೊಂದಿದೆ. ಬಾಯಿಯ ಗಾಳಿಯನ್ನು ಅನ್ನನಾಳಕ್ಕೆ ತಳ್ಳಿ, ತೇಗಿನಂತೆ ಹಿಂದಕ್ಕೆ ತಂದು, ಆ ಸದ್ದಿಗೆ ನಾಲಿಗೆ, ತುಟಿಗಳಿಂದ ಅಕ್ಷರದ ರೂಪ ಕೊಡುವುದು. ಪ, ತ, ಕ ಬೇಗ ಒಲಿಯುತ್ತವೆ. ಶ್ವಾಸಕೋಶದ ಉಸಿರನ್ನೇ ಬೇಡುವ ‘ಹ’ ಸತಾಯಿಸುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಬೇಕು, ಎಲ್ಲರಿಗೂ ದಕ್ಕುವುದೂ ಇಲ್ಲ. ಕೆಲವರು ಕತ್ತಿಗೆ ಒತ್ತಿ ಹಿಡಿಯುವ ಕಂಪನ ಯಂತ್ರ ಬಳಸುತ್ತಾರೆ. ಇನ್ನು ಕೆಲವರಿಗೆ ಶ್ವಾಸನಾಳ, ಅನ್ನನಾಳಗಳ ನಡುವೆ ಪುಟ್ಟ ಕವಾಟ ಕೂರಿಸುತ್ತಾರೆ. ರಂಧ್ರವನ್ನು ಬೆರಳಿಂದ ಮುಚ್ಚಿದರೆ ಮಾತು ಹೊರಡುತ್ತದೆ. ವಿದೇಶಿ ಕವಾಟಗಳಿಗೆ ಸಾವಿರಾರು ರೂಪಾಯಿ, ಅದೂ ಆಗಾಗ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಗೆಳೆಯರೊಬ್ಬರ ಜತೆ ಸೇರಿ ಸುಮಾರು 50 ರೂಪಾಯಿಯ ‘ಓಂ’ ಕವಾಟ ರೂಪಿಸಿದ್ದು ಇದೇ ಕಾರಣಕ್ಕೆ. ನಮ್ಮ ಊರು ಹೆಮ್ಮೆಪಡಬೇಕಾದ ಕೆಲಸ ಅದು.

ಆದರೆ ದನಿ ಮರಳಿದರೆ ಸಾಲದು, ಕೇಳುವವರು ಬೇಕು. ನಿವೃತ್ತಿಯಾದ ಮೇಲೆ ಹೇಗೂ ಫೋನುಗಳು ಕಡಿಮೆಯಾಗುತ್ತವೆ. ಆಗ ಗೊಗ್ಗರು ದನಿಗೆ ಬೆಚ್ಚಿ ಆ ಕಡೆಯವರು ಫೋನಿಟ್ಟರೆ ಮನುಷ್ಯ ಮನೆಯೊಳಗೇ ಉಳಿದುಬಿಡುತ್ತಾನೆ. ಬಳಗದಲ್ಲಿ ಆ ದನಿಗೆ ಯಾರೂ ತಿರುಗಿ ನೋಡುವುದಿಲ್ಲ. ಹೊಸ ರೋಗಿಯಂತೂ ಕಣ್ಣರಳಿಸಿ ಕೇಳುತ್ತಾನೆ. ವೈದ್ಯರು ಎಷ್ಟೇ ಧೈರ್ಯ ಹೇಳಲಿ, ಎದುರಿಗೇ ಕೂತು ಮಾತಾಡುತ್ತಿರುವವರಷ್ಟು ನಂಬಿಕೆ ಬೇರಾರೂ ಹುಟ್ಟಿಸಲಾರರು ಎಂಬುದು ನನ್ನ ದೃಢ ಅಭಿಪ್ರಾಯ.

ದನಿ ನೆಟ್ಟಗಿರುವ ನಿವೃತ್ತರಿಗೂ ಇಲ್ಲಿ ಕೆಲಸವಿದೆ. ರೋಗಿಯ ಪರವಾಗಿ ಬ್ಯಾಂಕಿಗೆ ಫೋನ್ ಮಾಡುವುದು, ಅರ್ಜಿ ತುಂಬುವುದು, ತುರ್ತಿನಲ್ಲಿ ಆಮ್ಲಜನಕದ ಮಾಸ್ಕನ್ನು ಕತ್ತಿನ ರಂಧ್ರಕ್ಕೆ ಹಿಡಿಯಬೇಕೆಂದು ಮನೆಯವರಿಗೆ ತಿಳಿಸುವುದು. ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ವಾಕ್ ಚಿಕಿತ್ಸಕರನ್ನು ಕೇಳಿದರೆ ಎಲ್ಲಿ ಶುರುಮಾಡಬೇಕೆಂದು ಹೇಳುತ್ತಾರೆ.