ಮನೆಯಲ್ಲೇ ಬನ್ನು, ಮನೆಯಲ್ಲೇ ಬಿಸ್ಕತ್ತು

ನಮ್ಮ ಅಡಿಗೆಮನೆ ತಕ್ಕಡಿಯನ್ನು ಬೇಡುವುದಿಲ್ಲ. ಅಲ್ಲಿ ಕೈಯೇ ಸೇರು, ಕಣ್ಣೇ ಪಾವು. ಸಾರಿಗೆ ಉಪ್ಪು ಕಡಮೆಯಾದರೆ ಇನ್ನೊಂದು ಚಿಟಿಕೆ. ಹುಳಿ ಮುಂದಾದರೆ ಒಂದು ಚೂರು ಬೆಲ್ಲ. ಪಲ್ಯ ಸಪ್ಪೆಯೆನಿಸಿದರೆ ಮೇಲೊಂದು ಒಗ್ಗರಣೆ. ಎಲೆಗೆ ಬಡಿಸುವ ಗಳಿಗೆಯವರೆಗೂ ತಿದ್ದಿಕೊಳ್ಳಲು ಅವಕಾಶವುಂಟು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕೈಯಳತೆ ಎಂಬ ವಿದ್ಯೆ ನಿಂತಿರುವುದು ಈ ಅವಕಾಶದ ಮೇಲೆಯೇ.

ಬನ್ನು, ಬಿಸ್ಕತ್ತುಗಳ ರೀತಿಯೇ ಬೇರೆ. ಓವನ್ನಿನ ಬಾಗಿಲು ಮುಚ್ಚಿದ ಬಳಿಕ ರುಚಿ ನೋಡುವಂತಿಲ್ಲ, ಕಲಕುವಂತಿಲ್ಲ, ಸೇರಿಸುವಂತಿಲ್ಲ. ಒಳಗಿಟ್ಟದ್ದು ಏನಾಗಬೇಕೋ ಅದೇ ಆಗಿ ಹೊರಗೆ ಬರುತ್ತದೆ. ಹಬ್ಬದಡಿಗೆಯಲ್ಲಿ ಸೈ ಎನಿಸಿಕೊಂಡ ಗೃಹಿಣಿಯೂ ಮೊದಲ ಬನ್ನಿನೆದುರು ಸೋಲುವುದುಂಟಾದರೆ ಅದು ಕೈಗುಣದ ಸೋಲಲ್ಲ. ತಿದ್ದುವ ಅವಕಾಶವನ್ನು ಕೊನೆಯಲ್ಲಿ ಹುಡುಕುವ ಅಭ್ಯಾಸದ ಸೋಲು. ಇಲ್ಲಿ ಆ ಅವಕಾಶವೆಲ್ಲ ಮೊದಲಿನಲ್ಲಿದೆ.

ಬೀದಿಗೊಂದು ಬೇಕರಿ ಇರುವಾಗ ಈ ತೊಂದರೆ ಏಕೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ಅಯ್ಯಂಗಾರ್ ಕುಟುಂಬಗಳು 19ನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ ಮೊಟ್ಟೆಯಿಲ್ಲದ ಬೇಕರಿಯ ಸಂಪ್ರದಾಯ ಇಂದು ನಾಡೆಲ್ಲ ಹಬ್ಬಿದೆ. ಅವರ ಬೆಣ್ಣೆ ಬಿಸ್ಕತ್ತು, ಖಾರದ ಬನ್ನುಗಳಿಗೆ ಸಮ ಎನ್ನುವಂಥದನ್ನು ಮೊದಲ ದಿನವೇ ಮಾಡಿಯೇವೆಂಬ ಭ್ರಮೆ ಬೇಡ. ಬೇಕರಿಯವನು ಒಂದೇ ಹಿಟ್ಟನ್ನು ನಿತ್ಯವೂ ನಾದುತ್ತಾನೆ, ನಾವು ತಿಂಗಳಿಗೊಮ್ಮೆ. ಆದರೆ ಒಲೆಯಿಂದ ಇಳಿದು ಕಾಲು ಗಂಟೆಯೂ ಆಗದ ಬನ್ನನ್ನು ಕೊಡಲು ಮನೆಗಷ್ಟೇ ಸಾಧ್ಯ. ಅದರೊಳಗೆ ಯಾವ ಕೊಬ್ಬು ಬಿದ್ದಿದೆ, ಎಷ್ಟು ಸಕ್ಕರೆ ಸೇರಿದೆ ಎಂಬುದನ್ನು ಬಲ್ಲವರೂ ಮನೆಯವರೇ.

ಮೊದಲು ಸಿಹಿ ಬನ್ನನ್ನು ತೆಗೆದುಕೊಳ್ಳೋಣ. ಇಡ್ಲಿ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬಿ ಬರುವುದನ್ನು ಕಂಡವರಿಗೆ ಇದರ ಗುಟ್ಟು ತೀರ ಹೊಸದಲ್ಲ. ಅಲ್ಲಿ ಬ್ಯಾಕ್ಟೀರಿಯಗಳು ಹುಟ್ಟಿಸಿದ ಗಾಳಿಯನ್ನು ಉದ್ದಿನ ಲೋಳೆ ಹಿಡಿದಿಡುತ್ತದೆ. ಇಲ್ಲಿ ಗಾಳಿ ಹುಟ್ಟಿಸುವುದು ಯೀಸ್ಟ್. ಅದನ್ನು ಹಿಡಿದಿಡುವುದು ಗೋಧಿಯ ಗ್ಲೂಟೆನ್. ಮೈದಾಕ್ಕೆ ನೀರು ಬಿದ್ದು ಕೈ ಆಡಿದಂತೆ ಈ ಗ್ಲೂಟೆನ್ ಬಲೆಯಂತೆ ಹೆಣೆದುಕೊಳ್ಳುತ್ತದೆ. ಹತ್ತು ನಿಮಿಷ ಬಿಡದೆ ನಾದಬೇಕೆನ್ನುವುದು ಈ ಬಲೆಗಾಗಿ. ಹುದುಗು ಎಂಬುದು ಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರನು 1857ರಿಂದ ಮುಂದಿನ ಕೆಲವು ವರ್ಷಗಳ ಪ್ರಯೋಗಗಳಲ್ಲಿ ತೋರಿಸಿಕೊಟ್ಟನು. ಯೀಸ್ಟ್ ಜೀವಿ ಎಂಬ ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಕಾಲು ಕಿಲೋ ಮೈದಾ, 40 ಗ್ರಾಂ ಸಕ್ಕರೆ, 4 ಗ್ರಾಂ ಉಪ್ಪು, 5 ಗ್ರಾಂ ಒಣ ಯೀಸ್ಟ್, 150 ಮಿಲಿಲೀಟರ್ ಹಾಲು, 30 ಗ್ರಾಂ ಬೆಣ್ಣೆ. ಹಾಲು ಬೆರಳಿಗೆ ಹಿತವಾಗುವಷ್ಟೇ ಬೆಚ್ಚಗಿರಲಿ. 60 ಡಿಗ್ರಿ ಸೆಲ್ಸಿಯಸ್ಸಿನ ಬಿಸಿಯಲ್ಲಿ ಯೀಸ್ಟ್ ಬದುಕದು. ಸುಡುವ ಹಾಲಿಗೆ ಅದನ್ನು ಹಾಕಿದರೆ ಬನ್ನಿನ ಕಥೆ ಅಲ್ಲಿಗೇ ಮುಗಿಯಿತು. ಬೆಣ್ಣೆಯನ್ನು ಕೊನೆಗೆ ಸೇರಿಸಬೇಕು. ಮೊದಲೇ ಸೇರಿಸಿದರೆ ಜಿಡ್ಡು ಹಿಟ್ಟಿಗೆ ಮೆತ್ತಿಕೊಂಡು ಬಲೆ ಹೆಣೆಯುವುದು ತಡವಾಗುತ್ತದೆ.

ಸಕ್ಕರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ವಲ್ಪ ಸಕ್ಕರೆ ಯೀಸ್ಟಿಗೆ ಆಹಾರ. ಹೆಚ್ಚಾದರೆ ಅದೇ ಸಕ್ಕರೆ ಅದರ ಮೈಯ ನೀರನ್ನು ಹೀರಿ ಸೊರಗಿಸುತ್ತದೆ. ಆದಕಾರಣ ಸಿಹಿ ಬನ್ನಿನ ಹಿಟ್ಟು ಸಾದಾ ಬ್ರೆಡ್ಡಿನ ಹಿಟ್ಟಿಗಿಂತ ನಿಧಾನವಾಗಿಯೇ ಉಬ್ಬುತ್ತದೆ. ಗಡಿಯಾರವನ್ನು ನೋಡಿ ಅವಸರಪಡಬಾರದು. ಹಿಟ್ಟು ಎರಡರಷ್ಟಾಗುವುದೇ ಇಲ್ಲಿಯ ಗಡಿಯಾರ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬೇಗನೆ ಆಗುವ ಕೆಲಸ ಡಿಸೆಂಬರಿನ ಮಡಿಕೇರಿಯಲ್ಲಿ ಬಹಳ ಹೊತ್ತು ಹಿಡಿಯಬಹುದು. ಬಳಿಕ ಉಂಡೆ ಕಟ್ಟಿ, ಅವು ಮತ್ತೊಮ್ಮೆ ಉಬ್ಬಿದ ಮೇಲೆ, ಮುಂಚಿತವಾಗಿಯೇ 180 ಡಿಗ್ರಿಗೆ ಕಾಯಿಸಿದ ಓವನ್ನಿನಲ್ಲಿ 15ರಿಂದ 20 ನಿಮಿಷ ಬೇಯಿಸಬೇಕು. ಮೇಲೆ ಸವರಿದ ಹಾಲು ಹೊಂಬಣ್ಣಕ್ಕೆ ತಿರುಗುತ್ತದೆ. ಸಕ್ಕರೆಯೂ ಪ್ರೋಟೀನೂ ಬಿಸಿಯಲ್ಲಿ ಕೂಡಿ ಹುಟ್ಟಿಸುವ ಈ ಬಣ್ಣ, ಪರಿಮಳಗಳ ಕ್ರಿಯೆಗೆ, 1912ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಲಾರ್ಡನ ಹೆಸರೇ ನಿಂತಿದೆ.

ಯೀಸ್ಟಿನ ಗೊಡವೆಯೇ ಬೇಡವೆನ್ನುವವರಿಗೆ ಬೇಕಿಂಗ್ ಪೌಡರ್ ಉಂಟು. ಅದು ಹುಟ್ಟಿದ್ದು ಲಾಭದ ಲೆಕ್ಕಾಚಾರದಿಂದಲ್ಲ, ಒಂದು ಮನೆಯ ಕೊರತೆಯಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧದಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡನ ಹೆಂಡತಿ ಎಲಿಜಬೆತ್‌ಳಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಯೀಸ್ಟೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡನ್ನೂ 1843ರಲ್ಲಿ ಯೀಸ್ಟ್ ಇಲ್ಲದೆ ಹಿಟ್ಟನ್ನು ಉಬ್ಬಿಸುವ ಪುಡಿಯನ್ನೂ ಸಿದ್ಧಪಡಿಸಿದನು. ಸೋಡ ಮತ್ತು ಆಮ್ಲ ನೀರು ಸೋಕಿದೊಡನೆ ಕೂಡಿ ಗಾಳಿಯನ್ನು ಬಿಡುತ್ತವೆ. ಡಬ್ಬಿಯಲ್ಲಿರುವಷ್ಟು ಕಾಲ ಅವು ತೇವವಾಗದಂತೆ ಪಿಷ್ಟ ಕಾಯುತ್ತದೆ. ಇಷ್ಟೇ ಅದರ ಮರ್ಮ. ಒಬ್ಬಳ ತಟ್ಟೆಗಾಗಿ ಮಾಡಿದ್ದು ಲೋಕದ ತಟ್ಟೆಗೆಲ್ಲ ಬಂದಿತು. ಮನೆಯಲ್ಲಿ ಬೇಯಿಸುವವರೆಲ್ಲರೂ ಕೇಳಿರಬೇಕಾದ ಕಥೆ ಇದು.

ಇನ್ನು ಬಿಸ್ಕತ್ತು. ಹೊಸಬರಿಗೆ ನಾನ್‌ಖಟಾಯಿಗಿಂತ ಒಳ್ಳೆಯ ಗುರುವಿಲ್ಲ. 200 ಗ್ರಾಂ ಮೈದಾ, 100 ಗ್ರಾಂ ಪುಡಿಮಾಡಿದ ಸಕ್ಕರೆ, 120 ಗ್ರಾಂ ಗಟ್ಟಿ ತುಪ್ಪ, ಒಂದು ಚಿಟಿಕೆ ಅಡಿಗೆ ಸೋಡ, ಏಲಕ್ಕಿ. ತುಪ್ಪ, ಸಕ್ಕರೆಗಳನ್ನು ಬೆಳ್ಳಗಾಗುವವರೆಗೆ ತಿಕ್ಕಿ, ಮೈದಾ ಸೇರಿಸಿ, ಹಗುರವಾಗಿ ಒಟ್ಟುಗೂಡಿಸಿದರೆ ಸಾಕು. ಬನ್ನಿನ ನೀತಿ ಇಲ್ಲಿ ತಲೆಕೆಳಗು. ಅಲ್ಲಿ ನಾದದಿದ್ದರೆ ಕೆಟ್ಟಿತು. ಇಲ್ಲಿ ನಾದಿದರೆ ಕೆಟ್ಟಿತು. ಬಾಯಲ್ಲಿ ಕರಗಬೇಕಾದ ತಿಂಡಿಗೆ ಗ್ಲೂಟೆನ್ನಿನ ಬಲೆ ಬೇಡ. ಅದು ಹೆಣೆಯದಂತೆ ತಡೆಯುವುದೇ ತುಪ್ಪದ ಕೆಲಸ. ಸೋಡವನ್ನು ಧಾರಾಳವಾಗಿ ಹಾಕಿದರೆ ಸಾಬೂನಿನ ರುಚಿ ಬರುತ್ತದೆ. ಔದಾರ್ಯ ತುಪ್ಪದಲ್ಲಿರಲಿ, ಸೋಡದಲ್ಲಿ ಬೇಡ.

170 ಡಿಗ್ರಿಯಲ್ಲಿ 15ರಿಂದ 18 ನಿಮಿಷದೊಳಗೆ ಅಂಚು ಬಣ್ಣಕ್ಕೆ ತಿರುಗುತ್ತದೆ. ಆಗ ಬೆರಳಿನಿಂದ ಒತ್ತಿ ನೋಡಿದವರು ಇನ್ನೂ ಮೆತ್ತಗಿದೆಯೆಂದು ಮತ್ತೆ ಒಳಗೆ ತಳ್ಳುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ದೊರೆಯುವುದು ಕಲ್ಲು! ಬಿಸಿಯಲ್ಲಿ ಬಿಸ್ಕತ್ತು ಮೆತ್ತಗೇ ಇರುತ್ತದೆ. ಅದು ಗಟ್ಟಿಯಾಗುವುದು ಆರಿದ ಮೇಲೆ. ತಟ್ಟೆಯನ್ನು ಹೊರತೆಗೆದು, ಮುಟ್ಟದೆ, ಕಾಯುವುದೇ ಇಲ್ಲಿ ಕಲಿಯಬೇಕಾದ ಪಾಠ.

ಓವನ್ನಿಲ್ಲದ ಮನೆಯವರು ನಿರಾಶರಾಗಬೇಕಿಲ್ಲ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳಷ್ಟು ಒಣ ಮರಳನ್ನೋ ಉಪ್ಪನ್ನೋ ಹರಡಿ, ಮೇಲೊಂದು ಸಿಂಬಿಯಿಟ್ಟು, ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಕಾಯಿಸಿರಿ; ಆಮೇಲೆ ತಟ್ಟೆಯನ್ನಿಟ್ಟು ಉರಿ ತಗ್ಗಿಸಿರಿ. ಶಾಖವು ಬಹುಮಟ್ಟಿಗೆ ಕೆಳಗಿನಿಂದ ಬರುವುದರಿಂದ ಮೇಲ್ಭಾಗ ಅಷ್ಟಾಗಿ ಕೆಂಪೇರುವುದಿಲ್ಲ. ಹೊತ್ತೂ ಸ್ವಲ್ಪ ಹೆಚ್ಚೇ ಬೇಕು. ರುಚಿಗೇನೂ ಕೊರತೆಯಿಲ್ಲ.

ಕೊನೆಯದಾಗಿ ಒಂದು ಸಲಹೆ. ಅಡಿಗೆಮನೆಯಲ್ಲಿ ಒಂದು ಸಣ್ಣ ಪುಸ್ತಕವನ್ನೂ ಒಂದು ಸೀಸದಕಡ್ಡಿಯನ್ನೂ ಇಡಿರಿ. ಎಷ್ಟು ತೂಕ, ಎಷ್ಟು ಹೊತ್ತು, ಆ ದಿನ ಚಳಿಯೋ ಸೆಕೆಯೋ, ಬನ್ನು ಹೇಗೆ ಬಂದಿತು ಎಂದು ಎರಡೇ ಸಾಲು ಬರೆದಿಡಿರಿ. ನಮ್ಮ ಅಜ್ಜಿಯರ ಎಷ್ಟೋ ತಿಂಡಿಗಳು ಅವರ ಕೈಯೊಡನೆಯೇ ಹೋದವು. ಅಳತೆ ಕೈಯಲ್ಲಿತ್ತು, ಕಾಗದದ ಮೇಲಿರಲಿಲ್ಲ. ಒಳಗಿಟ್ಟ ಬನ್ನನ್ನು ತಿದ್ದಲಾಗದು, ನಿಜ. ಮುಂದಿನ ಭಾನುವಾರದ ಬನ್ನನ್ನು ಧಾರಾಳವಾಗಿ ತಿದ್ದಬಹುದು. ಆ ಪುಸ್ತಕ ನಿಮ್ಮ ಮಗಳ ಕೈಗೋ ಮಗನ ಕೈಗೋ ಸೇರಿದ ದಿನ, ಅವರು ನಿಮ್ಮ ಮೊದಲ ಬನ್ನಿನಿಂದ ಆರಂಭಿಸಬೇಕಾಗಿಲ್ಲ, ಕೊನೆಯದರಿಂದ ಮುಂದುವರಿಯಬಹುದು.