ದಮ್ ಕೆ ರೋಟ್: ಮೊಹರಂ ಬಿಸ್ಕತ್ತು ಮನೆಯೊಲೆಯ ಮೇಲೆ

ಮೊಹರಂ ಚಂದ್ರ ಕಂಡಿತೆಂದರೆ ಹೈದರಾಬಾದಿನ ಬೇಕರಿಗಳ ಗಾಜಿನ ಕಪಾಟಿನಲ್ಲಿ ಜಾಗದ ಅದಲುಬದಲು ಶುರುವಾಗುತ್ತದೆ. ವರ್ಷವಿಡೀ ಮುಂದಿನ ಸಾಲು ಹಿಡಿದು ಕೂತಿರುವ ಉಸ್ಮಾನಿಯಾ ಬಿಸ್ಕತ್ತು, ಟೂಟಿಫ್ರೂಟಿ ತುಂಬಿದ ಫ್ರೂಟ್ ಬಿಸ್ಕತ್ತು, ಚಾಂದ್ ಬಿಸ್ಕತ್ತುಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಅವುಗಳ ಜಾಗಕ್ಕೆ ದಪ್ಪನೆಯ, ಬಾದಾಮಿ ಗೋಡಂಬಿ ಒತ್ತಿದ, ತುಪ್ಪದ ವಾಸನೆ ಬೀರುವ ಕಂದು ಬಿಲ್ಲೆಗಳು ಬರುತ್ತವೆ. ಹೆಸರು ದಮ್ ಕೆ ರೋಟ್. ನಾಂಪಲ್ಲಿಯ ಸುಭಾನ್ ಬೇಕರಿಯ ಮುಂದೆ ಆ ದಿನಗಳಲ್ಲಿ ಸಾಲು ರಸ್ತೆಗೆ ಬರುತ್ತದೆ. ಮೆಹದಿಪಟ್ಟಣಂ, ಆಸಿಫ್ ನಗರ, ಟೋಲಿಚೌಕಿಯ ಬೇಕರಿಗಳಲ್ಲೂ ಕಿಲೋ ಲೆಕ್ಕದಲ್ಲಿ ತೂಗಿ ಡಬ್ಬಿಗೆ ತುಂಬುವ ಕೆಲಸ ಬಿಡುವಿಲ್ಲದೆ ನಡೆಯುತ್ತದೆ.

ಮೆಹದಿಪಟ್ಟಣಂ ಎಂದರೆ ಹೈದರಾಬಾದಿನ ಪಡುವಣ ಬಾಗಿಲು. ಹೈದರಾಬಾದ್ ರಾಜ್ಯದಲ್ಲಿ ಮಂತ್ರಿಯಾಗಿದ್ದು, 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರನ್ನು ಈ ಬಡಾವಣೆ ಹೊತ್ತಿದೆ. ಇಲ್ಲಿಂದ ಲಂಗರ್ ಹೌಸ್ ದಾಟಿ ಹೊರಡುವ ರಸ್ತೆಯನ್ನು ಜನ ಇಂದಿಗೂ ಬಿಜಾಪುರ ರಸ್ತೆ ಎಂದೇ ಕರೆಯುತ್ತಾರೆ. ಚೇವೆಳ್ಳ, ಪರಿಗಿ, ಕೊಡಂಗಲ್ ಮೂಲಕ ಅದು ಕನ್ನಡ ಸೀಮೆ ಸೇರುತ್ತದೆ. ಕೊಡಂಗಲ್ ಮತ್ತು ತಾಂಡೂರು 1956ರ ರಾಜ್ಯ ವಿಂಗಡಣೆಯವರೆಗೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಹೀಗಾಗಿ ಮೊಹರಂ ತಿಂಡಿಯ ಮಾತು ಬಂದಾಗ ಹೈದರಾಬಾದನ್ನೂ ಕಲಬುರಗಿ, ರಾಯಚೂರು, ಬೀದರುಗಳನ್ನೂ ಬೇರೆ ಬೇರೆ ಇಟ್ಟು ನೋಡುವುದು ಕಷ್ಟ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಮೊಹರಂ ಸಂಭ್ರಮದ ಹಬ್ಬವಲ್ಲ. ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ನೆನಪಿನ ಶೋಕದ ದಿನಗಳು ಅವು. ಶಿಯಾ ಮನೆಗಳಲ್ಲಿ ಆಗ ಮದುವೆ ಇಲ್ಲ, ಹೊಸ ಬಟ್ಟೆ ಇಲ್ಲ. ರೋಟ್ ಹುಟ್ಟಿದ್ದು ಹರಕೆಯ ನೈವೇದ್ಯವಾಗಿ. ಕರ್ಬಲಾದ ನೆನಪಿಗೆ ನಿಲ್ಲಿಸುವ ಲಾಂಛನವಾದ ಅಲಮಿನ ಮುಂದೆ ಇಟ್ಟು, ಫಾತಿಹಾ ಓದಿಸಿ, ನೆರೆಹೊರೆಗೆ ಹಂಚುವ ವಸ್ತು ಅದು. ಹಳೇ ಊರಿನ ಪತ್ಥರ್‌ಗಟ್ಟಿಯಲ್ಲಿರುವ ನಾಲ್-ಎ-ಮುಬಾರಕ್ ಅಲಮಿಗೂ ರೋಟಿಗೂ ಗಂಟು ಹಾಕುವ ಕಥೆಯೊಂದು ಊರಲ್ಲೆಲ್ಲ ಹರಿದಾಡುತ್ತದೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕ್ಷೇಮಕ್ಕಾಗಿ ಅವರ ತಾಯಿ ರೋಟ್ ಹರಕೆ ಹೊತ್ತರು ಎನ್ನುವವರಿದ್ದಾರೆ. ನಿಜಾಮರೇ ಮೊಮ್ಮಗನಿಗಾಗಿ ಹೊತ್ತರು ಎನ್ನುವವರೂ ಇದ್ದಾರೆ. ಹೈದರಾಬಾದಿನಲ್ಲಿ ರುಚಿಯಾದದ್ದಕ್ಕೆಲ್ಲ ನಿಜಾಮರ ಸಾಕ್ಷಿ ಬೇಕೇ ಬೇಕು. ಉಸ್ಮಾನಿಯಾ ಬಿಸ್ಕತ್ತಿನ ಬಗ್ಗೆಯೂ ಆಸ್ಪತ್ರೆಯ ರೋಗಿಗಳಿಗಾಗಿ ಮಾಡಿದ್ದೆಂದು ಒಂದು, ಅಬಿಡ್ಸ್ ಕಡೆಯ ಹೋಟೆಲೊಂದರಲ್ಲಿ ನಿಜಾಮರ ಬಾಯಿರುಚಿಗೆ ಹುಟ್ಟಿದ್ದೆಂದು ಇನ್ನೊಂದು ಕಥೆ ಇದೆ. ಕಥೆಗಳನ್ನು ಕಥೆಗಳಾಗಿಯೇ ಕೇಳಿದರೆ ಚಹಾದ ಜೊತೆ ಚೆನ್ನಾಗಿರುತ್ತವೆ.

ಕರ್ನಾಟಕದ ಕಡೆ ಬಂದರೆ ಮೊಹರಮಿನ ಬಣ್ಣವೇ ಬೇರೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಲು ದೂರದೂರದಿಂದ ಜನ ಬರುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಬೆಂಕಿ ಹಾಕುವ ಅಲಾಯಿ ಕುಣಿ ತೋಡಿ, ದೇವರು ಕೂರಿಸಿ, ಹೆಜ್ಜೆ ಹಾಕುತ್ತಾರೆ. ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅಲ್ಲಿನ ಎಡೆ ಎಂದರೆ ಚಪಾತಿ ಪುಡಿಮಾಡಿ ಬೆಲ್ಲ ಬೆರೆಸಿದ ಮಾಲ್ದಿ ಮತ್ತು ಚೊಂಗೆ. ಗೋಧಿ ಹಿಟ್ಟಿಗೆ ಬೆಲ್ಲ ಹಾಕಿ ನಾದಿ, ಚಿತ್ತಾರ ಕೊರೆದ ಮಣೆಯ ಮೇಲೆ ಒತ್ತಿ, ಬೇಯಿಸಿ ತೆಗೆಯುವುದು ಚೊಂಗೆ. ಗೋಧಿ, ಸಿಹಿ, ತುಪ್ಪ ಅಥವಾ ಎಣ್ಣೆ, ಮೇಲೆ ಒಂದು ಗುರುತು: ಸಾಮಾನಿನಲ್ಲಿ ಚೊಂಗೆಗೂ ರೋಟಿಗೂ ಹೆಚ್ಚು ದೂರವಿಲ್ಲ. ಹಳ್ಳಿಯಲ್ಲಿ ಹಂಚು, ಬಾಣಲೆ ಇತ್ತು. ಶಹರದಲ್ಲಿ ಬೇಕರಿಯ ಭಟ್ಟಿ ಇತ್ತು. ಬೇರೆಯಾದದ್ದು ಬೆಂಕಿ.

ನಮ್ಮ ಹಬ್ಬದ ತಿಂಡಿಗಳಲ್ಲಿ ಕರಿದದ್ದೇ ಯಾಕೆ ಹೆಚ್ಚು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮಂಗಳೂರಿನ ಕ್ರೈಸ್ತರ ಮನೆಗಳ ಕುಸ್ವಾರ್ ತಟ್ಟೆಯನ್ನೇ ನೋಡಿ. ಕ್ರಿಸ್ಮಸ್ಸಿಗೆ ಯೂರೋಪಿನಲ್ಲಿ ಓವನ್ನಿನಿಂದ ಬಿಸ್ಕತ್ತು ಹೊರಬಂದರೆ ಇಲ್ಲಿ ನೆವ್ರಿ, ಕಿಡಿಯೊ, ಗುಲಾಬಿ ಹೂವಿನ ಅಚ್ಚಿನ ಕೊಕ್ಕಿಸಾಂ ಎಲ್ಲವೂ ಎಣ್ಣೆಯ ಬಾಣಲೆಯಿಂದಲೇ ಮೇಲೆ ಬರುತ್ತವೆ. ಮನೆಯಲ್ಲಿ ಒಲೆ ಇತ್ತು, ಓವನ್ ಇರಲಿಲ್ಲ. ಸುಡಲೇಬೇಕಾದದ್ದಿದ್ದರೆ ಬೇಕರಿಯ ದಾರಿ ಹಿಡಿಯಬೇಕಿತ್ತು. ಹೈದರಾಬಾದಿನಲ್ಲೂ ಮನೆಯಲ್ಲಿ ರೋಟಿನ ಹಿಟ್ಟು ಕಲಸಿ, ತಗಡಿನ ತಟ್ಟೆಯಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ ಮೊಹಲ್ಲಾದ ಬೇಕರಿಗೆ ಕೊಟ್ಟು ಸುಡಿಸಿಕೊಂಡು ಬರುವ ರೂಢಿ ಇತ್ತು. ಬೇಕರಿಯವನು ತನ್ನ ಪಾವು, ಬನ್ನುಗಳ ಕೆಲಸ ಮುಗಿಸಿ, ಭಟ್ಟಿಯ ಕಾವು ಇಳಿಯತೊಡಗಿದಾಗ ಇವನ್ನು ಒಳಗೆ ತಳ್ಳುತ್ತಿದ್ದ. ಬಿಸ್ಕತ್ತಿಗೆ ಬೇಕಾದದ್ದೂ ಅದೇ ಇಳಿಗಾವು.

ಈಗ ಮೇಜಿನ ಮೇಲೆ ಕೂರುವ ಸಣ್ಣ ಓವನ್ ಬಹಳ ಮನೆಗಳಿಗೆ ಬಂದಿದೆ. ಬಂದ ಮೇಲೆ ಡಿಸೆಂಬರಿನಲ್ಲಿ ಚಾಕೊಲೇಟ್ ಚಿಪ್ ಕುಕಿ, ಜಿಂಜರ್ ಬ್ರೆಡ್ ಬೊಂಬೆ ಮಾಡುವ ಉತ್ಸಾಹವೂ ಬಂದಿದೆ. ಮಾಡಲಿ, ತಪ್ಪೇನಿಲ್ಲ. ಆದರೆ ಅವಕ್ಕೆ ಬೇಕಾದ ಕಂದು ಸಕ್ಕರೆ, ಉಪ್ಪಿಲ್ಲದ ಬೆಣ್ಣೆ, ಕಾಕಂಬಿ ಹುಡುಕುತ್ತ ಅಂಗಡಿ ಅಂಗಡಿ ಅಲೆಯುವ ಮೊದಲು ರೋಟ್ ಒಂದು ಸಲ ಮಾಡಿ ನೋಡುವುದು ಜಾಣತನ. ಸಜ್ಜಿಗೆ ಮಾಡಬಲ್ಲ ಮನೆಯಲ್ಲಿ ರೋಟಿಗೆ ಬೇಕಾದ ಬಹುತೇಕ ಎಲ್ಲವೂ ಇರುತ್ತದೆ. ಮೊಟ್ಟೆ ಬೇಕಿಲ್ಲ, ಯೀಸ್ಟ್ ಬೇಕಿಲ್ಲ, ಸೋಡಾ ಕೂಡ ಇಲ್ಲದೆ ನಡೆಯುತ್ತದೆ.

ಹದಿನೈದು ರೋಟಿಗೆ ಲೆಕ್ಕ ಹೀಗೆ: ಚಿರೋಟಿ ರವೆ 200 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಪುಡಿ ಸಕ್ಕರೆ 150 ಗ್ರಾಂ, ತುಪ್ಪ 150 ಗ್ರಾಂ, ಸಿಹಿಯಿಲ್ಲದ ಖೋವಾ 50 ಗ್ರಾಂ, ಸಣ್ಣಗೆ ಹೆಚ್ಚಿದ ಬಾದಾಮಿ ಗೋಡಂಬಿ ಸೇರಿ 75 ಗ್ರಾಂ, ಅರ್ಧ ಚಮಚ ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ಬೆಚ್ಚಗಿನ ಹಾಲಿನಲ್ಲಿ ನೆನೆಸಿದ ನಾಲ್ಕೈದು ಎಳೆ ಕೇಸರಿ. ಮೇಲೆ ಉದುರಿಸಲು ಚಾರೋಳಿ ಅಥವಾ ಗಸಗಸೆ. ರವೆ ಹಿಟ್ಟು ಎರಡು ಪಾಲು, ತುಪ್ಪ ಒಂದು ಪಾಲು, ಸಕ್ಕರೆ ಒಂದು ಪಾಲು ಎಂದು ನೆನಪಿಟ್ಟರೆ ಚೀಟಿ ಬೇಕಿಲ್ಲ. ಲೋಟದಿಂದ ಅಳೆಯುವುದಕ್ಕಿಂತ ತಕ್ಕಡಿ ಒಳ್ಳೆಯದು. ರವೆ, ಹಿಟ್ಟು, ತುಪ್ಪ ಮೂರೂ ಒಂದೇ ಲೋಟದಲ್ಲಿ ಒಂದೇ ತೂಕ ತೂಗುವುದಿಲ್ಲ.

ಕಲಸುವ ಕ್ರಮದಲ್ಲೇ ಅರ್ಧ ಗುಟ್ಟಿದೆ. ಮೊದಲು ರವೆ, ಹಿಟ್ಟಿಗೆ ಬೆಚ್ಚಗಿನ ತುಪ್ಪ ಹಾಕಿ ಬೆರಳ ತುದಿಯಲ್ಲಿ ಉಜ್ಜಬೇಕು. ಗೋಧಿ ಹಿಟ್ಟಿಗೆ ನೀರು ತಾಗಿ ನಾದಿದರೆ ಅಂಟು ಹುಟ್ಟುತ್ತದೆ. ಚಪಾತಿ ಹಿಗ್ಗುವುದು ಆ ಅಂಟಿನಿಂದ. ಬಿಸ್ಕತ್ತಿಗೆ ಅದೇ ಶತ್ರು. ಹಾಲು ಬೀಳುವ ಮೊದಲೇ ತುಪ್ಪ ಹಿಟ್ಟಿನ ಕಣಕಣಕ್ಕೂ ಹೊದಿಕೆಯಾದರೆ ಅಂಟು ಬೆಳೆಯಲು ಆಸ್ಪದವಿರುವುದಿಲ್ಲ, ಸುಟ್ಟ ಮೇಲೆ ರೋಟ್ ಬಾಯಲ್ಲಿ ಮರಳಿನಂತೆ ಉದುರುತ್ತದೆ. ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರಿರುತ್ತದೆ. ತುಪ್ಪದಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಉದುರು ಬೇಕೆಂದಾಗ ಹಳಬರು ತುಪ್ಪವನ್ನೇ ಹಿಡಿದದ್ದು ಸುಮ್ಮನೆ ಅಲ್ಲ. ಆಮೇಲೆ ಸಕ್ಕರೆ, ಖೋವಾ, ಏಲಕ್ಕಿ, ಉಪ್ಪು, ಬಾದಾಮಿ ಗೋಡಂಬಿ ಸೇರಿಸಿ, ಕೊನೆಗೆ ಕೇಸರಿ ಹಾಲನ್ನು ಚಮಚ ಚಮಚವಾಗಿ ಹಾಕಿ ಉಂಡೆ ಕಟ್ಟುವಷ್ಟಕ್ಕೆ ನಿಲ್ಲಿಸಬೇಕು. ಸಾಮಾನ್ಯವಾಗಿ ನಾಲ್ಕೈದು ಚಮಚ ಸಾಕು. ನಾದಲೇಬಾರದು.

ಕಲಸಿದ ಹಿಟ್ಟನ್ನು ಮುಚ್ಚಿ ಕನಿಷ್ಠ ಒಂದು ತಾಸು ಬಿಡಬೇಕು. ರವೆ ಹಾಲನ್ನೂ ತುಪ್ಪವನ್ನೂ ನಿಧಾನಕ್ಕೆ ಕುಡಿಯುತ್ತದೆ. ಅವಸರಪಟ್ಟರೆ ರೋಟ್ ಹಲ್ಲಿಗೆ ಕರಕರ ಸಿಗುತ್ತದೆ, ಅಂಚು ಬಿರಿಯುತ್ತದೆ. ನೆನೆದ ಮೇಲೂ ಉಂಡೆ ಬಿರಿದರೆ ಇನ್ನೊಂದು ಚಮಚ ಹಾಲು. ನಿಂಬೆ ಗಾತ್ರಕ್ಕಿಂತ ತುಸು ದೊಡ್ಡ ಉಂಡೆ ಮಾಡಿ, ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಮೇಲೆ ಫೋರ್ಕಿನಿಂದ ಗೆರೆ ಎಳೆದು, ಒಂದು ಬಾದಾಮಿ ಒತ್ತಿ, ಹಾಲು ಸವರಬೇಕು. ಹಾಲು ಸವರುವುದು ಅಂದಕ್ಕಷ್ಟೇ ಅಲ್ಲ. ಹಾಲಿನ ಪ್ರೋಟೀನು, ಸಕ್ಕರೆ ಎರಡೂ ಕಾವಿಗೆ ಕೂಡಿ ಕಂದಾಗುತ್ತವೆ, ಆ ಕಂದಿನಲ್ಲೇ ಬೇಕರಿಯ ಪರಿಮಳ ಇರುವುದು. ಕೆಲವು ಬೇಕರಿಗಳು ಮೊಟ್ಟೆಯ ಹಳದಿ ಸವರುತ್ತವೆ. ಹೊಳಪು ಹೆಚ್ಚು ಬರುತ್ತದೆ, ಸಸ್ಯಾಹಾರಿಗಳಿಗೆ ಬೇಡ.

ಓವನ್ ಇದ್ದವರು 170 ಡಿಗ್ರಿ ಸೆಲ್ಸಿಯಸ್ಸಿಗೆ ಹತ್ತು ನಿಮಿಷ ಮೊದಲೇ ಕಾಯಿಸಿಟ್ಟು, ನಡುವಿನ ಅಂತಸ್ತಿನಲ್ಲಿ 22ರಿಂದ 25 ನಿಮಿಷ ಸುಡಬೇಕು. ಬರೀ ಮೈಕ್ರೋವೇವ್ ಆದರೆ ಆಗದು, ಅದರಲ್ಲಿ ಕನ್ವೆಕ್ಷನ್ ಇರಬೇಕು. ಅಂಚು ಕಂದು ತಿರುಗಿ ನಡು ಇನ್ನೂ ಮೆತ್ತಗಿರುವಾಗಲೇ ಹೊರಗೆ ತೆಗೆಯಬೇಕು ಎಂಬಲ್ಲಿ ಹೊಸಬರಿಗೆ ಧೈರ್ಯ ಸಾಲುವುದಿಲ್ಲ. ಗಟ್ಟಿಯಾಗಲೆಂದು ಇನ್ನೈದು ನಿಮಿಷ ಬಿಡುತ್ತಾರೆ, ತಣಿದ ಮೇಲೆ ಕಲ್ಲಾಗುತ್ತದೆ. ಕರಗಿದ ತುಪ್ಪ, ಸಕ್ಕರೆ ತಣಿಯುತ್ತ ತಾವಾಗಿಯೇ ಬಿಗಿಯುತ್ತವೆ. ತಟ್ಟೆಯಲ್ಲೇ ಹತ್ತು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ಜಾಲರಿಯ ಮೇಲೆ ಹರಡಿದರೆ ಕೆಳಗೆ ಬೆವರುವುದಿಲ್ಲ.

ಓವನ್ ಇಲ್ಲದವರ ದಾರಿ ಹೆಸರಿನಲ್ಲೇ ಇರುವ ದಮ್ಮಿಗೆ, ಅಂದರೆ ಮುಚ್ಚಿದ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸುವ ಕ್ರಮಕ್ಕೆ, ಇನ್ನೂ ಹತ್ತಿರ. ದಪ್ಪ ತಳದ ಪಾತ್ರೆಗೆ ಎರಡು ಬೆರಳು ದಪ್ಪ ಉಪ್ಪು ಅಥವಾ ಮರಳು ಹಾಕಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹದಿನೈದು ನಿಮಿಷ ಕಾಯಿಸಬೇಕು. ಕುಕ್ಕರ್ ಆದರೆ ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ಮರೆಯದೆ ತೆಗೆದಿಡಬೇಕು. ಆಮೇಲೆ ರೋಟ್ ಜೋಡಿಸಿದ ತಟ್ಟೆಯನ್ನು ಇಳಿಸಿ ಸಣ್ಣ ಉರಿಯಲ್ಲಿ ಅರ್ಧ ತಾಸು. ಇದರಲ್ಲಿ ಒಂದೇ ಕೊರತೆ: ಕೆಳಗಿನ ಕಾವು ಸಾಕಷ್ಟು ಸಿಗುತ್ತದೆ, ಮೇಲಿನದು ಸಿಗುವುದಿಲ್ಲ, ಹಾಗಾಗಿ ಮೇಲ್ಮೈ ಬಿಳಿಚಿಕೊಂಡಿರುತ್ತದೆ. ಹಿಂದಿನವರು ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದದ್ದು ಈ ಕಾರಣಕ್ಕೇ. ದಮ್ ಬಿರಿಯಾನಿಗೂ ಅದೇ ಉಪಾಯ. ಕೆಂಡ ಇಲ್ಲದ ಮನೆಯಲ್ಲಿ ಚಪ್ಪಟೆ ಮುಚ್ಚಳ ಬಳಸಿ, ಇನ್ನೊಂದು ಒಲೆಯಲ್ಲಿ ಚೆನ್ನಾಗಿ ಕಾಯಿಸಿದ ಕಬ್ಬಿಣದ ಹಂಚನ್ನು ಕೊನೆಯ ಹತ್ತು ನಿಮಿಷ ಅದರ ಮೇಲೆ ಇಟ್ಟರೆ ಬಣ್ಣ ಸ್ವಲ್ಪ ಹಿಡಿಯುತ್ತದೆ. ಓವನ್ನಿನಷ್ಟು ಚೆಂದ ಬರದು ಎಂಬುದು ನಿಜ. ರುಚಿಗೆ ಮೋಸವಿಲ್ಲ.

ಹೈದರಾಬಾದಿನ ಮನೆಗಳಲ್ಲಿ ರೋಟಿಗಿಂತ ಬಹಳ ನಾಜೂಕಾದ ಇನ್ನೊಂದು ಸುಟ್ಟ ಸಿಹಿಯೂ ಇದೆ, ಬಾದಾಮ್ ಕಿ ಜಾಲಿ. ಬಾದಾಮಿ ಅಥವಾ ಗೋಡಂಬಿಯನ್ನು ನುಣ್ಣಗೆ ಅರೆದು, ಸಕ್ಕರೆ ಸೇರಿಸಿ, ಲಟ್ಟಿಸಿ, ಚಂದ್ರ, ನಕ್ಷತ್ರದ ಆಕಾರದಲ್ಲಿ ಕತ್ತರಿಸಿ, ಜಾಲರಿಯ ಚಿತ್ತಾರ ಕೊರೆದು ಹಿತವಾದ ಕಾವಿನಲ್ಲಿ ಸುಡುತ್ತಾರೆ. ಅದೇ ಹದಕ್ಕೆ ನಾಣ್ಯದ ಮುದ್ರೆ ಒತ್ತಿದರೆ ಅಶ್ರಫಿ. ಕೆಲವೇ ಕುಟುಂಬಗಳ ಕೈಯಲ್ಲಿ ಈ ಕಸುಬು ಉಳಿದಿದೆ. ಕೈ ಪಳಗದೆ ಅದಕ್ಕೆ ಇಳಿಯುವುದು ದುಬಾರಿ ಬಾದಾಮಿಗೆ ಮಾಡುವ ಅನ್ಯಾಯ. ರೋಟ್ ಅಷ್ಟು ಮುನಿಸಿನದಲ್ಲ.

ಬೇಕರಿಯ ರೋಟ್ ಮನೆಯದಕ್ಕಿಂತ ಹಗುರ, ಬಣ್ಣ ಏಕರೂಪ. ದೊಡ್ಡ ಭಟ್ಟಿಯ ನಾಲ್ಕೂ ಕಡೆಯ ಕಾವಿಗೆ ಸಣ್ಣ ಓವನ್ ಸಮವಾಗದು. ಮನೆಯದರ ಗೆಲುವು ಸಾಮಾನಿನಲ್ಲಿದೆ. ತುಪ್ಪದ ಹೆಸರಿನಲ್ಲಿ ವನಸ್ಪತಿ ಸೇರುವ ಭಯವಿಲ್ಲ, ಏಲಕ್ಕಿ ನಿನ್ನೆ ಕುಟ್ಟಿದ್ದು, ಸಿಹಿ ಮನೆಯವರ ನಾಲಿಗೆಯ ಅಳತೆಯದು. ಸಕ್ಕರೆಯನ್ನು 120 ಗ್ರಾಮಿಗೆ ಇಳಿಸಿದರೂ ರೋಟ್ ನಿಲ್ಲುತ್ತದೆ. ಅದಕ್ಕಿಂತ ಕಡಿಮೆಯಾದರೆ ಬಣ್ಣವೂ ಬಾರದು, ಉದುರೂ ಬಾರದು. ಸಕ್ಕರೆಯ ಬದಲು ಬೆಲ್ಲದ ಪುಡಿ ಹಾಕುವವರು ಹಾಲನ್ನು ಒಂದು ಚಮಚ ಕಡಿಮೆ ಮಾಡಬೇಕು, ಬೆಲ್ಲದಲ್ಲೇ ತೇವವಿರುತ್ತದೆ. ಚೊಂಗೆ ತಿಂದು ಬೆಳೆದ ಕಲಬುರಗಿಯ ನಾಲಿಗೆಗೆ ಬೆಲ್ಲದ ರೋಟೇ ಹೆಚ್ಚು ಹಿಡಿಸಿದರೆ ಆಶ್ಚರ್ಯವಿಲ್ಲ.

ಪೂರ್ತಿ ತಣಿದ ಮೇಲಷ್ಟೇ ಡಬ್ಬಿಗೆ ತುಂಬಬೇಕು. ಖೋವಾ ಹಾಕಿದ ರೋಟನ್ನು ನಾಲ್ಕೈದು ದಿನದೊಳಗೆ ಮುಗಿಸಬೇಕು. ಖೋವಾ ಬಿಟ್ಟರೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇಡಬಹುದು. ಅಂಚೆಯಲ್ಲೋ ಬಸ್ಸಿನಲ್ಲೋ ಊರಿಗೆ ಕಳಿಸುವವರು ಖೋವಾ ಬಿಡುವುದೇ ಸರಿ. ಚಾಂದ್ರಮಾನದ ಲೆಕ್ಕದಲ್ಲಿ ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಮಳೆಗಾಲದಲ್ಲಿ ಬಂದಾಗ ಡಬ್ಬಿಯ ಮುಚ್ಚಳದ ಕಡೆ ಇನ್ನಷ್ಟು ನಿಗಾ ಬೇಕು.

ಮೊದಲ ಸಲ ಮಾಡುವವರು ಮೊಹರಮಿನ ದಿನಗಳಲ್ಲಿ ಹೈದರಾಬಾದಿಗೆ ಹೋದಾಗ, ಇಲ್ಲವೇ ಹೋಗಿ ಬರುವವರ ಕೈಯಲ್ಲಿ, ಕಾಲು ಕಿಲೋ ರೋಟ್ ತರಿಸಿ ತಿಂದು ನೋಡಿ, ಆಮೇಲೆ ರವೆ ಅಳೆಯಿರಿ. ಎಲ್ಲಿಗೆ ತಲುಪಬೇಕೆಂಬುದು ಗೊತ್ತಿದ್ದರೆ ಹಾಲು ಒಂದು ಚಮಚ ಹೆಚ್ಚೋ ಕಡಿಮೆಯೋ ಎಂಬುದನ್ನು ಕೈಯೇ ಹೇಳುತ್ತದೆ.